ಏನೂ ಮಾಡದ ಊರು

ಸಫಿಯಮ್ಮನ ಕೊಡಪಾನ ಬಾವಿಗೆ ಬಿದ್ದದ್ದು ಸರ್ಕಾರದ ಸಮೀಕ್ಷೆ ಶುರುವಾದ ಮರುದಿನ. ಹಳೆಯ ಹಗ್ಗ, ಕಡಿಯಿತು. ಬೇರೆ ಕಾಲವಾಗಿದ್ದರೆ ನೆರೆಮನೆಯಿಂದ ಪಾತಾಳಗರಡಿ ತಂದು, ಕೊಕ್ಕೆಗೆ ಸಿಕ್ಕಿಸಿ ಎತ್ತಿಬಿಡುತ್ತಿದ್ದರು. ಆದರೆ ಈಗ ಮೇಲ್ಬೈಲಿನಲ್ಲಿ ನೀರು ಸೇದುವುದನ್ನು ಬಿಟ್ಟರೆ ಬಾವಿಯ ತಂಟೆಗೆ ಯಾರೂ ಹೋಗುವಂತಿರಲಿಲ್ಲ.

ಮಡಂತ್ಯಾರಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿದರೆ ಒಂದು ತೋಡು, ತೋಡಿಗೆ ಅಡ್ಡಲಾಗಿ ಒಂದು ಕಿಂಡಿ ಅಣೆಕಟ್ಟು. ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸಿದರೆ ಬಾವಿಗಳಲ್ಲಿ ನೀರು ಏರುತ್ತದೆ ಎಂಬುದು ಯೋಜನೆ. ಅಣೆಕಟ್ಟು ಕೆಳಬೈಲಿನ ಗಡಿಯೊಳಗೆ ಇದ್ದದ್ದರಿಂದ ಅದು ಯೋಜನೆಯ ಊರಾಯಿತು. ಫಲವನ್ನು ಹೋಲಿಸಿ ನೋಡಲು ಏನೂ ಮಾಡದ ಇನ್ನೊಂದು ಊರು ಬೇಕಲ್ಲ? ಮೇಲ್ಬೈಲು ಆಯ್ಕೆಯಾಯಿತು. ಬಾವಿಗಳ ನೀರು ಅಳೆಯುವ ಕೆಲಸ ಸಫಿಯಮ್ಮನ ಮಗಳು ಮುರ್ಶಿದಾಳಿಗೆ ಸಿಕ್ಕಿತು.

ಮೇಲ್ಬೈಲಿನ ಪಂಚಾಯತ್ ಸದಸ್ಯ ಶಶಿಕಿರಣ ಕೂಡಲೇ 'ಏನೂ ಮಾಡದ ಸಮಿತಿ' ಕಟ್ಟಿ ತಾನೇ ಅಧ್ಯಕ್ಷನಾದ. ಬೋರ್ಡು ಬಂತು. ಉದ್ಘಾಟನೆಗೆ ರಿಬ್ಬನ್ನೂ ಬಂತು. ಕತ್ತರಿಸಿದರೆ ಏನೋ ಮಾಡಿದಂತಾಗುತ್ತದೆ ಎಂದು ಹಾಗೇ ಬಿಟ್ಟರು. ಅತಿಥಿಗಳು ಅದರಡಿ ಬಗ್ಗಿ ದಾಟಿದರು.

"ಕೊಡಪಾನ ತೆಗೀಲಿಕ್ಕೆ ಬಿಡು ಮಾರಾಯ," ಎಂದರು ಸಫಿಯಮ್ಮ.

"ನಾಳೆ ನೀರು ಏರಿದರೆ ಕೊಡಪಾನ ತೆಗೆದದ್ದರಿಂದ ಏರಿತು ಅಂತ ಹೇಳ್ತಾರೆ ಸಫಿಯಮ್ಮ. ಸಮೀಕ್ಷೆ ಹಾಳಾಗ್ತದೆ."

"ಕೊಡಪಾನ ತೆಗೆದರೆ ನೀರು ಇಳಿಯುವುದು, ಏರುವುದಲ್ಲ. ನೀನು ಶಾಲೆಗೆ ಹೋದದ್ದು ಉಂಟಾ?"

ಆ ಬೇಸಿಗೆ ಕೆಳಬೈಲಿನ ಬಾವಿಗಳು ಎಂದಿನಂತೆ ಬತ್ತಿದವು. ಮೇಲ್ಬೈಲಿನವು ಮೇ ತಿಂಗಳಲ್ಲೂ ತುಂಬಿಕೊಂಡಿದ್ದವು. ಹಲಗೆ ಹಾಕಿದ್ದು ಕೆಳಬೈಲಿನವರು. ನೀರು ನಿಂತದ್ದು ಅಣೆಕಟ್ಟಿನ ಹಿಂದೆ, ಮೇಲ್ಬೈಲಿನಲ್ಲಿ.

ಬೆಳ್ತಂಗಡಿಯ ಕಚೇರಿಯಲ್ಲಿ ಅಧಿಕಾರಿ ಕೇಶವಪ್ರಸಾದರು ಕನ್ನಡಕ ಒರೆಸಿಕೊಂಡು ಅಂಕಿಗಳನ್ನು ಮತ್ತೊಮ್ಮೆ ನೋಡಿದರು. "ಹಾಗಾದರೆ ಏನೂ ಮಾಡದಿರುವುದೇ ಹೆಚ್ಚು ಫಲಕಾರಿ."

"ಇಲ್ಲ ಸರ್, ನೀರು ಹಿಂದಕ್ಕೆ ನಿಲ್ತದೆ. ಅವರ ಹಲಗೆಯಿಂದ ನಮ್ಮ ಬಾವಿ..." ಅಷ್ಟರಲ್ಲೇ ಮುರ್ಶಿದಾಳಿಗೆ ಅನುಮಾನ ಬಂತು. ಸ್ವಂತ ಬಾವಿಯೆಂದು ಹೀಗೆ ಹೇಳುತ್ತಿದ್ದೇನೆಯೇ?

"ನಿಮ್ಮ ಬಾವಿ ಅಂತ ನಿಮಗೆ ಅಭಿಮಾನ. ಅನುಬಂಧದಲ್ಲಿ ಬರೆಯಿರಿ."

ಬರೆದಳು. ಅನುಬಂಧವನ್ನು ಯಾರೂ ಓದಲಿಲ್ಲ. ಮರುವರ್ಷ ಏನೂ ಮಾಡದಿರುವ ಯೋಜನೆ ಕೆಳಬೈಲಿಗೂ ವಿಸ್ತರಿಸಿತು. ಹಲಗೆ ಹೊತ್ತು ಹೆಗಲು ನೊಂದಿದ್ದ ಅಲ್ಲಿನವರು ಸಂತೋಷದಿಂದ ಒಪ್ಪಿದರು. ಹಲಗೆಗಳು ಶಶಿಕಿರಣನ ಮನೆಯ ಪಕ್ಕದ ಪಂಚಾಯತ್ ಶೆಡ್ಡಿನಲ್ಲೇ ಉಳಿದವು.

ಫೆಬ್ರವರಿಯಲ್ಲಿ ಸಫಿಯಮ್ಮನ ಬಾವಿಯೊಳಗೆ ಏನೋ ಹೊಳೆಯಿತು. ಕೊಡಪಾನದ ಬಾಯಿ. ಕೆಲವೇ ದಿನಗಳಲ್ಲಿ ಇಡೀ ಕೊಡಪಾನ ಕಂಡಿತು. ಪರಿಶೀಲನೆಗೆ ಬಂದ ಕೇಶವಪ್ರಸಾದರು ಬಗ್ಗಿ ನೋಡಿ ಖುಷಿಪಟ್ಟರು. "ನೋಡಿ, ಪಾತಾಳಗರಡಿ ಇಲ್ಲದೆಯೇ ಸಿಕ್ಕಿತು! ಇದನ್ನೂ ವರದಿಗೆ ಸೇರಿಸಿ."

ಅವರ ಜೀಪು ಹೋದ ಮೇಲೆ ಸಫಿಯಮ್ಮ, "ಇನ್ನು ಅದರಲ್ಲಿ ತುಂಬಿಸುವುದು ಏನನ್ನು, ನಿನ್ನ ವರದಿಯನ್ನಾ?" ಎಂದರು.

ಮುರ್ಶಿದಾ ತೋಡಿನ ಕಡೆ ನೋಡಿದಳು. ಸಣ್ಣಗೆ ಹರಿಯುತ್ತಿತ್ತು. ಅದೂ ನಿಂತರೆ ಆಮೇಲೆ ಹಲಗೆ ಹಾಕಿ ಪ್ರಯೋಜನವಿಲ್ಲ. ಈಗ ಹಾಕಿದರೆ ಸಮೀಕ್ಷೆ ಹಾಳು, ಕೆಲಸವೂ ಹೋದೀತು. ಶಶಿಕಿರಣನ ಮನೆಯ ದಾರಿಯಲ್ಲಿ ಅವಳು ಮತ್ತೆ ಮತ್ತೆ ವಾಪಸು ತಿರುಗಿದಳು. ತಿರುಗಿದಾಗಲೆಲ್ಲ ಹಿಂದೆ ಉಮ್ಮ ಸಫಿಯಮ್ಮ ನಿಂತಿದ್ದರು.

ಶಶಿಕಿರಣ ಏನೂ ಮಾಡದೆ ಜಗಲಿಯಲ್ಲಿ ಕುಳಿತಿದ್ದ.

"ಶೆಡ್ಡಿನ ಕೀ ಬೇಕಿತ್ತು. ಹಲಗೆ ಹಾಕ್ತೇನೆ," ಎಂದಳು ಮುರ್ಶಿದಾ.

"ಕೊಡ್ಲಿಕ್ಕೆ ಆಗುವುದಿಲ್ಲ. ಕೊಟ್ಟರೆ ಏನೋ ಮಾಡಿದ ಹಾಗೆ ಆಗ್ತದೆ." ಅವನು ತನ್ನ ಪಂಪನ್ನೊಮ್ಮೆ ನೋಡಿದ. ಅದೂ ಬೆಳಗ್ಗಿನಿಂದ ಬರೀ ಗಾಳಿ ಎಳೆಯುತ್ತಿತ್ತು. "ಅಲ್ಲಿ ಮೊಳೆಯಲ್ಲಿ ನೇತಾಡ್ತಾ ಉಂಟು."

"ನಾನೇ ತೆಗೆದುಕೊಂಡರೆ?"

"ತಡೆದರೂ ಏನೋ ಮಾಡಿದ ಹಾಗೆಯೇ ಅಲ್ವಾ ಮಾರಾಯ್ತಿ," ಎಂದು ಅವನು ಗೋಡೆಯ ಕಡೆ ಮುಖ ಮಾಡಿದ.

ಮೊದಲ ಹಲಗೆಯ ಒಂದು ತುದಿಯನ್ನು ಮುರ್ಶಿದಾ ಹಿಡಿದಳು, ಇನ್ನೊಂದನ್ನು ಸಫಿಯಮ್ಮ. ಹಿಂದಿನಿಂದ ಶಶಿಕಿರಣ ಕೈಕಟ್ಟಿಕೊಂಡು ಬಂದ. ಹಲಗೆ ಕಿಂಡಿಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಾಗ ಅವನು ಹೋಗಿ ಅದರ ಮೇಲೆ ಸುಮ್ಮನೆ ನಿಂತ. ಅವನ ಭಾರಕ್ಕೆ ಹಲಗೆ ಕೆಳಗಿಳಿದು ಗಟ್ಟಿಯಾಗಿ ಕೂತಿತು.