ಜರಡಿಯಲ್ಲಿ ಹರಿದ ಕರೆಂಟು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಜರಡಿ ಎಂದೇ ಕರೆಯುತ್ತಿದ್ದರು. ಅರೆವಾಹಕದ ಚಿಪ್‌ನೊಳಗೆ, ಎಲೆಕ್ಟ್ರಾನುಗಳು ಮೇಲೆ ಕೆಳಗೆ ಹೋಗಲಾರದೆ ಅಡ್ಡಡ್ಡ ಮಾತ್ರ ಓಡಾಡುವ ತೆಳು ಪದರವೊಂದಿರುತ್ತದೆ. ಅದಕ್ಕೆ ಕಣ್ಣಿಗೆ ಕಾಣದ ತೂತುಗಳನ್ನು ಸಾಲಾಗಿ ಕೊರೆಯುವುದು ಅವಳ ಕೆಲಸ.

ಇವತ್ತು ಕರೆಂಟು ಹರಿಯದಿದ್ದರೆ ಮೇಜು ಖಾಲಿ ಮಾಡಿ ತಮ್ಮ ಅಕ್ಕನ ಮಗನಿಗೆ ಬಿಟ್ಟುಕೊಡಬೇಕೆಂದು ಮುಖ್ಯಸ್ಥರು ಹೇಳಿಯಾಗಿತ್ತು. ದುಡಿಯುವವರಿಗೆ ವಾಯಿದೆ, ನೆಂಟರಿಗೆ ಮೇಜು. ಎಲ್ಲೆಲ್ಲೂ ಇದೇ ನ್ಯಾಯ.

ತಂಪುಯಂತ್ರ ನೋಡಿಕೊಳ್ಳುವ ಥಂಡಿ ಮಾವ ಅವಳ ಚಿಪ್ಪನ್ನು ದ್ರವ ಹೀಲಿಯಮ್ಮಿಗೆ ಇಳಿಸಿದ. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ.

"ನಾನು ಹೇಳಿರ್ಲಿಲ್ವಾ," ಮುಖ್ಯಸ್ಥರು ಕುರ್ಚಿಗೊರಗಿದರು. "ನಿನ್ನ ಜರಡೀಲಿ ಒಂದು ಎಲೆಕ್ಟ್ರಾನೂ ನಿಲ್ಲಲಿಲ್ಲ ನೋಡಮ್ಮ."

ಅವಳು ಬಿಡದೆ ಒಂದೊಂದೇ ತಂತಿಯ ಜಾಡು ಹಿಡಿದು ಹೋದಳು. ಪದರದ ಮೇಲಿನ ಲೋಹದ ಗೇಟಿಗೆ ವೋಲ್ಟೇಜು ಕೊಡುವ ಪೆಟ್ಟಿಗೆ ಸಿಕ್ಕಿತು. ಅದರ ನಾಬು ಮೈನಸ್ ಕಡೆಗೆ ಪೂರ್ತಿ ತಿರುಗಿ ಕೂತಿತ್ತು. ಅಷ್ಟು ಮೈನಸ್ ಕೊಟ್ಟರೆ ಪದರದಲ್ಲಿ ಎಲೆಕ್ಟ್ರಾನಿನ ನರಪಿಳ್ಳೆಯೂ ಉಳಿಯುವುದಿಲ್ಲ.

"ಮಾವ, ಬೆಳಿಗ್ಗೆ ಇದನ್ನ ಯಾರು ಮುಟ್ಟಿದ್ರು?"

ಥಂಡಿ ಮಾವ ಗಂಟಲು ಸರಿಮಾಡಿಕೊಂಡ. "ಸಾಹೇಬ್ರು ತಮ್ಮ ಚಿಪ್ ನೋಡಿದ್ರು. ಕೆಲಸ ಮುಗಿದ್ಮೇಲೆ ಸೊನ್ನೆಗೆ ತನ್ನಿ ಅಂತ ಗೋಡೆಗೆ ಚೀಟಿ ಅಂಟಿಸಿದವ್ರೂ ಅವ್ರೇ."

"ಸರಿಹೋಯ್ತು," ಅವಳು ಮುಖ್ಯಸ್ಥರತ್ತ ತಿರುಗಿದಳು. "ನೀವೇ ಎಲ್ಲರನ್ನೂ ಆಚೆ ಅಟ್ಟಿ, ಊರಲ್ಲಿ ಜನಾನೇ ಇಲ್ಲ ಅಂದ್ರೆ ಹೆಂಗೆ ಸಾರ್?"

ಮುಖ್ಯಸ್ಥರು ಕನ್ನಡಕ ಒರೆಸತೊಡಗಿದರು. ಅವಳು ನಾಬನ್ನು ಮೆಲ್ಲಗೆ ಸೊನ್ನೆಯತ್ತ ತಂದಳು. ಮುಳ್ಳು ಎದ್ದಿತು.

ಬಳಿಕ ಆಯಸ್ಕಾಂತ ಹಾಕಿದಳು. ಅದರ ಬಲ ಒಂದು ಹದಕ್ಕೆ ಬಂದದ್ದೇ ತಡ, ಎಲೆಕ್ಟ್ರಾನುಗಳು ಕಂಬ ಸುತ್ತುವ ಮಕ್ಕಳಂತೆ ತೂತುಗಳ ಸುತ್ತ ಗಿರಕಿ ಹೊಡೆಯುತ್ತ ಮುಂದೆ ಸಾಗುವುದನ್ನೇ ಮರೆತವು. ಪರದೆಯ ಮೇಲೆ ಕರೆಂಟಿನ ತಡೆ ತೋರಿಸುವ ಗೆರೆ ಗುಡ್ಡವಾಗಿ ಎದ್ದಿತು. ಗೇಟಿನ ನಾಬು ತಿರುಗಿಸಿದರೆ ಗುಡ್ಡ ಪಕ್ಕಕ್ಕೆ ಸರಿಯಿತು. ಹಿಂದಕ್ಕೆ ತಂದರೆ ಹಿಂದೆಯೇ ಬಂತು. ಹೇಳಿದ ಮಾತು ಕೇಳುವ ಕರೆಂಟು! ಥಂಡಿ ಮಾವ ತೊಡೆ ತಟ್ಟಿ ನಕ್ಕ.

ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಬಂದರು. "ಎಲ್ಲಿ, ನಾನೂ ಒಂದ್ಸಲ ಸರಿಸ್ತೀನಿ."

ಅವಳು ನಾಬಿನ ಮೇಲಿನ ಕೈ ತೆಗೆಯಲಿಲ್ಲ. "ಮೇಜು ನಂದೇ ತಾನೆ?"

"ನಿಂದೇ ಕಣಮ್ಮ. ಮೊದಲು ಕೈ ತೆಗಿ, ಗುಡ್ಡ ಸರಿಸ್ಬೇಕು."