ನಮ್ಮವರ ಲಾಡ್ಜು

ಕಾಲೇಜಿನ ಹುಡುಗರ ಫುಟ್‌ಬಾಲ್ ಟೀಮು ಹೋದ ವರ್ಷ ಮೈಸೂರಿಗೆ ಹೋಗಿ ಆಡಿ ಬಂತು. ಅವರು ಅಲ್ಲಿ ಎಲ್ಲಿ ಮಲಗಿದರು ಎಂದು ಇವತ್ತಿಗೂ ಒಬ್ಬ ತಾಯಿಗೂ ಗೊತ್ತಿಲ್ಲ. ಯಾರೂ ಕೇಳಿರಲಿಲ್ಲ. ಈ ವರ್ಷ ಹುಡುಗಿಯರ ಟೀಮು ಇಲ್ಲಿ ಎಲ್ಲರನ್ನೂ ಸೋಲಿಸಿ ಮೈಸೂರಿಗೆ ಹೋಗುವ ಹಾಗಾಯಿತು. ಮಕ್ಕಳು ಹೇಗೆ ಗೆದ್ದರು ಎಂದು ಕೇಳಿದವರಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮಲಗುವುದೆಲ್ಲಿ?

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಕೋಚ್ ಗ್ಲೆನ್ ಸರ್ ಒಂದು ಹೋಟೆಲಿನ ಫೋಟೋ ಹಾಕಿದರು. ಅದರ ಕೆಳಗೆ ಬಾರ್ ಉಂಟು ಎಂದು ಯಾರೋ ಬರೆದರು. ಇನ್ನೊಂದು ಹಾಕಿದರು. ಅದಕ್ಕೆ ಬಾಲ್ಕನಿ ಉಂಟು, ರಸ್ತೆಗೆ ಕಾಣುತ್ತದೆ. ಮತ್ತೊಂದರ ಕೌಂಟರಿನಲ್ಲಿ ಹೆಂಗಸರಿಲ್ಲ. ಹೋಟೆಲೇ ಬೇಡ, ಬೆಳಗಾಗುವ ಮೊದಲು ಹೊರಟು, ಆಡಿ, ಅದೇ ದಿನ ವಾಪಸು ಬರಲಿ ಎಂದು ಒಬ್ಬರು ತೀರ್ಪು ಕೊಟ್ಟರು.

"ಘಾಟಿ ಹತ್ತಿ ವಾಂತಿ ಮಾಡಿಕೊಂಡು ಬಂದ ಮಕ್ಕಳು ಮೈದಾನದಲ್ಲಿ ಓಡುವುದು ಹೇಗೆ ಮಾರಾಯ್ರೆ" ಎಂದು ಗ್ಲೆನ್ ಸರ್ ಬರೆದರು. ಅದಕ್ಕೆ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಅಷ್ಟೇ.

ನನ್ನ ಮಗಳು ಸಂಚಿತಾ ಆ ಟೀಮಿನ ಗೋಲ್‌ಕೀಪರ್. ಊಟಕ್ಕೆ ಕೂತು ಆ ಮೆಸೇಜುಗಳನ್ನು ಗಟ್ಟಿಯಾಗಿ ಓದಿ ನಗುತ್ತಿದ್ದವಳು ಮೆಲ್ಲಗೆ ನಗುವುದನ್ನು ಬಿಟ್ಟಳು. "ಅಮ್ಮ, ಇವರು ಹೋಟೆಲ್ ಹುಡುಕುವುದಲ್ಲ. ನಮ್ಮನ್ನು ಕಳಿಸದೆ ಇರಲಿಕ್ಕೆ ಕಾರಣ ಹುಡುಕುವುದು."

ಅನ್ನ ಬಡಿಸುವ ಸೌಟು ಕೈಯಲ್ಲೇ ಉಳಿಯಿತು. ಅವಳು ಹೇಳಿದ್ದು ಸರಿ ಇತ್ತು.

ನಮ್ಮ ಕಡೆಯವರಿಗೆ ಒಂದು ಅಭ್ಯಾಸ ಉಂಟು. ಯಾವ ಊರಿಗೆ ಹೋಗುವುದಾದರೂ ಮೊದಲು ಅಲ್ಲಿ ನಮ್ಮವರ ಹೋಟೆಲ್ ಯಾವುದು ಎಂದು ನೆನಪು ಮಾಡಿಕೊಳ್ಳುತ್ತೇವೆ. ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಬಿಟ್ಟು ಬೇರೆ ಕಡೆ ಇಳಿದುಕೊಂಡರೆ ಅವರಿಗೆ ಅವಮಾನ, ಮುಂದಿನ ಮದುವೆಯ ಊಟದಲ್ಲಿ ನಮಗೆ ಮಾತು ತಪ್ಪಿದ್ದಲ್ಲ. ನನ್ನ ಸ್ವಂತ ಅಣ್ಣ ಮಹಾಬಲನ ಲಾಡ್ಜೇ ಮೈಸೂರಿನಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ, ಉಂಟು. ನಾನು ಅವನಿಗೆ ಫೋನ್ ಮಾಡಿದೆ. "ನಮ್ಮ ಲಾಡ್ಜ್ ಇರುವಾಗ ಬೇರೆ ಎಂತಕ್ಕೆ? ಮೇಲಿನ ಮಾಳಿಗೆ ಬಿಟ್ಟು ಕೊಡ್ತೇನೆ" ಎಂದ. ಗುಂಪಿನಲ್ಲಿ ಬರೆದೆ: ನನ್ನ ಅಣ್ಣನ ಲಾಡ್ಜ್, ಜವಾಬ್ದಾರಿ ನನ್ನದು. ಬಾರ್, ಬಾಲ್ಕನಿ, ಕೌಂಟರು ಎಲ್ಲ ಒಮ್ಮೆಲೇ ಸುಮ್ಮನಾದವು.

ಮರುದಿನ ಬಟ್ಟೆ ಒಣಗಿಸುತ್ತಿರುವಾಗ ನದಿಯಾಚೆಯ ಬೆಂಗ್ರೆಯಿಂದ ಸಫಿಯಾ ಫೋನ್ ಮಾಡಿದಳು. ಅವಳ ಮಗಳು ಝಹ್ರಾ ಟೀಮಿನಲ್ಲಿ ಗೋಲು ಹೊಡೆಯುವವಳು. ಬೆಂಗ್ರೆಯ ಮರಳಿನಲ್ಲಿ ಅಣ್ಣಂದಿರ ಜೊತೆ ಓಡಿ ಕಲಿತ ಕಾಲು ಅವಳದ್ದು, ಹುಲ್ಲಿನ ಮೇಲೆ ಬಿಟ್ಟರೆ ಹಿಡಿಯಲಿಕ್ಕೆ ಸಿಗುವುದಿಲ್ಲ. ಪ್ರಾಕ್ಟೀಸಿನ ದಿನ ಕೊನೆಯ ದೋಣಿ ತಪ್ಪುವ ಹಾಗಿದ್ದರೆ ಪಡೀಲಿನ ನಮ್ಮ ಮನೆಯಲ್ಲೇ ಉಳಿಯುತ್ತಿದ್ದಳು.

"ಸ್ವರ್ಣಕ್ಕ, ಝಹ್ರಾಳ ಅಪ್ಪ ಒಪ್ಪಿದರು. ನಿಮ್ಮ ಅಣ್ಣನ ಜಾಗ ಆದರೆ, ಇವಳು ಸಂಚಿತಾಳ ರೂಮಿನಲ್ಲೇ ಇರುವುದಾದರೆ ಹೋಗಲಿ ಎಂದಿದ್ದಾರೆ. ಇಲ್ಲದಿದ್ದರೆ ಬೇಡವಂತೆ."

"ಒಂದೇ ರೂಮು. ನಾನು ಮಾತು ಕೊಡ್ತೇನೆ" ಎಂದೆ.

ಹೊರಡಲು ಸ್ವಲ್ಪ ದಿನ ಇರುವಾಗ ಅಣ್ಣನ ಫೋನ್ ಬಂತು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟೆ.

"ಸ್ವರ್ಣ, ಮಕ್ಕಳು ಇಲ್ಲಿಗೆ ಮುಟ್ಟಿದ ಕೂಡಲೇ ಸಂಚಿಗೆ ಕಾರು ಕಳಿಸ್ತೇನೆ. ಅವಳು ಮನೆಗೆ ಬರಲಿ. ನಿನ್ನ ಅತ್ತಿಗೆ ಕೋರಿ ರೊಟ್ಟಿ ಮಾಡ್ತಾಳಂತೆ."

"ಉಳಿದ ಮಕ್ಕಳು?"

"ಅವರು ಲಾಡ್ಜಲ್ಲಿ. ಅವರಿಗೆಂತ ತೊಂದರೆ?"

"ಅಣ್ಣ, ಅವಳು ಟೀಮಿನ ಜೊತೆ ಬರುವುದು. ನೆಂಟಸ್ತಿಕೆಗೆ ಬರುವುದಲ್ಲ."

"ನಮ್ಮ ಕುಟುಂಬದ ಹುಡುಗಿ ಲಾಡ್ಜಲ್ಲಿ ಮಲಗುವುದಾ? ನಾಲ್ಕು ಜನ ಎಂತ ಹೇಳಿಯಾರು? ನಾಳೆ ಅವಳ ಮದುವೆಯ ಮಾತು ಬರುವಾಗ ಇದೇ ವಿಷಯ ಎತ್ತುತ್ತಾರೆ."

ನಾನು ತುರಿಮಣೆಯಿಂದ ಎದ್ದೆ. "ಯಾಕೆ, ನಿನ್ನ ಲಾಡ್ಜ್ ಸರಿ ಇಲ್ಲವಾ?"

"ಯಾರು ಹೇಳಿದ್ದು? ಫಸ್ಟ್ ಕ್ಲಾಸ್ ಲಾಡ್ಜ್."

"ಹಾಗಾದರೆ ನನ್ನ ಮಗಳಿಗೆ ಎಂತ?"

"ನಿನಗೆ ಅರ್ಥ ಆಗುವುದಿಲ್ಲ ಮಾರಾಯ್ತಿ. ಲಾಡ್ಜ್ ಅಂದರೆ ಹೊರಗಿನವರಿಗೆ ಇರುವುದು."

"ಹೊರಗಿನವರ ಮಕ್ಕಳಿಗೆ ಮದುವೆ ಇಲ್ಲವಾ?"

"ಬೇರೆಯವರ ಮಕ್ಕಳ ವಿಷಯ ನನಗೆ ಯಾಕೆ? ಸಂಚಿ ನಿನ್ನ ಗಂಡನ ಮನೆಯವಳಲ್ಲ, ನಮ್ಮ ಮನೆಯವಳು. ಅವಳ ಮರ್ಯಾದೆ ನನ್ನ ಮರ್ಯಾದೆ" ಎಂದು ಫೋನ್ ಇಟ್ಟ.

ನಮ್ಮದು ಅಳಿಯಕಟ್ಟು. ಮನೆಯ ಹೆಸರು ನಡೆಯುವುದು ಹೆಣ್ಣುಮಕ್ಕಳಿಂದ, ಅದನ್ನು ಕಾಯುವವನು ತಾಯಿಯ ಅಣ್ಣ. ಚಿಕ್ಕವಳಿರುವಾಗ ನನಗೆ ಇದರ ಬಗ್ಗೆ ದೊಡ್ಡ ಹೆಮ್ಮೆ ಇತ್ತು. ಈಗ ಅದೇ ಹೆಮ್ಮೆ ನನ್ನ ಮಗಳನ್ನು ಕಾರಿನಲ್ಲಿ ಕೂರಿಸಿ ಅವಳ ಗೆಳತಿಯರಿಂದ ಬೇರೆ ಮಾಡಲು ಹೊರಟಿತ್ತು. ಅದಕ್ಕಿಂತ ನನ್ನನ್ನು ಉರಿಸಿದ್ದು ಇನ್ನೊಂದು ವಿಷಯ. ತನ್ನ ತಂಗಿಯ ಮಗಳು ಮಲಗಬಾರದ ಜಾಗದಲ್ಲಿ ಊರಿನವರ ಹೆಣ್ಣುಮಕ್ಕಳನ್ನು ಮಲಗಿಸಲು ಅವನಿಗೆ ಏನೂ ಅನಿಸಲಿಲ್ಲ. ಆ ಹೆಣ್ಣುಮಕ್ಕಳ ತಾಯಂದಿರೆಲ್ಲ ನನ್ನ ಮಾತಿನ ಮೇಲೆ ಒಪ್ಪಿದ್ದರು.

ಸಂಚಿತಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. "ನಾನು ಮಾಮನ ಮನೆಯಲ್ಲಿ ಕೋರಿ ರೊಟ್ಟಿ ತಿಂದು ಮಲಗುವುದು, ಝಹ್ರಾ ಬೆಂಗ್ರೆಯಲ್ಲಿ ಕೂತು ಅಳುವುದು. ಗೋಲು ಮಾಮ ಹೊಡೆಯುತ್ತಾನಾ ಕೇಳು."

ಸಂಚಿತಾಳ ಅಪ್ಪನಿಗೆ ಹೇಳಿದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಿಮ್ಮ ಅಣ್ಣ ತಂಗಿಯ ಮಧ್ಯೆ ನಾನು ಬರುವುದಿಲ್ಲ." ಬೇಕಾದಾಗ ಇವರಿಗೂ ಅಳಿಯಕಟ್ಟು ಬಹಳ ಅನುಕೂಲ.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನಾನು ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಹೋಗುವ ಬಸ್ಸು ಹಿಡಿದು, ದೋಣಿ ದಾಟಿ ಬೆಂಗ್ರೆಗೆ ಹೋದೆ. ಸಫಿಯಾ ಹಿತ್ತಿಲಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ನಾನು ಒಂದೂ ಬಿಡದೆ ಹೇಳಿದೆ. ಅವಳು ಕತ್ತಿ ಕೆಳಗಿಟ್ಟು ಕೈ ತೊಳೆದುಕೊಂಡಳು.

"ಅವರ ತಂಗಿಯ ಮಗಳಿಗೆ ಆಗದ ಜಾಗ ನನ್ನ ಮಗಳಿಗೆ ಆಗುತ್ತದಾ ಸ್ವರ್ಣಕ್ಕ?" ಎಂದು ಕೇಳಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆಗುವುದಿಲ್ಲ" ಎಂದೆ.

"ಝಹ್ರಾಳ ಅಪ್ಪ ಝಕರಿಯಾಗೆ ಗೊತ್ತಾದರೆ ಮುಗಿಯಿತು. ಅವರ ಅಣ್ಣಂದಿರು ಮೊದಲೇ ಕೇಳುತ್ತಿದ್ದಾರೆ, ಹೆಣ್ಣುಮಗಳನ್ನು ಘಾಟಿ ಹತ್ತಿಸಿ ಕಳಿಸುವುದು ಯಾಕೆಂದು. ಇವರು ಎಲ್ಲರಿಗೂ ಹೇಳಿದ್ದು ಒಂದೇ, ಸ್ವರ್ಣಕ್ಕ ಇದ್ದಾರಲ್ಲ."

"ನಾನು ಎಲ್ಲಿದ್ದೇನೆ ಸಫಿಯಾ, ಪಡೀಲಿನಲ್ಲಿ."

"ಅದೇ ನಾನು ಹೇಳುವುದು." ಅವಳು ಒಂದು ಮೀನಿನ ತಲೆಯನ್ನು ಕಾಗೆಗಳತ್ತ ಎಸೆದಳು. "ನಾವು ನಂಬಿದ್ದು ನಿಮ್ಮನ್ನು. ಲಾಡ್ಜನ್ನು ನಾವು ನೋಡಿದ್ದೇವಾ? ನೀವೇ ಹೋಗುವುದಾದರೆ ನಾನು ಇವರಿಗೆ ಎಂತದೂ ಹೇಳಲಿಕ್ಕಿಲ್ಲ."

ದೋಣಿಯಲ್ಲಿ ಹಿಂದೆ ಬರುವಾಗ ನನ್ನ ತಲೆಗೆ ಬಂದದ್ದು ಇಷ್ಟು: ಇಡೀ ಗುಂಪಿನಲ್ಲಿ ಇಷ್ಟೆಲ್ಲ ಹೋಟೆಲುಗಳ ಗುಣದೋಷ ಹೇಳಿದವರಲ್ಲಿ ಒಬ್ಬರೂ ನಾನು ಜೊತೆಗೆ ಬರುತ್ತೇನೆ ಎಂದು ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ. ಮನೆಯಲ್ಲಿ ಅನ್ನ ಬೇಯಿಸುವವರು ಯಾರು?

ಈಚೆ ದಡದ ದಕ್ಕೆಯಲ್ಲಿ ಇಳಿದು, ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ.

"ಸಂಚಿಗೆ ಕಾರು ಬೇಡ. ನಾನೂ ಬರ್ತಾ ಇದ್ದೇನೆ."

"ಬಾ ಬಾ. ನೀನು ಬಂದು ಎಷ್ಟು ಕಾಲ ಆಯಿತು. ಮೇಲಿನ ರೂಮು ಕ್ಲೀನ್ ಮಾಡಿಸ್ತೇನೆ."

"ಮನೆಯ ರೂಮಲ್ಲ. ಲಾಡ್ಜಿನ ರೂಮು. ಮೆಟ್ಟಿಲಿನ ಪಕ್ಕದ್ದು ನನಗೆ ಕೊಡು, ಮಕ್ಕಳು ಹೋಗಿ ಬರುವುದು ಗೊತ್ತಾಗಲಿ."

"ನೀನು ಲಾಡ್ಜಲ್ಲಿ ಮಲಗುವುದಾ? ನಾನು ಸತ್ತಿದ್ದೇನಾ?"

"ಬದುಕಿದ್ದಿಯಲ್ಲ, ಅದಕ್ಕೇ ನಿನ್ನ ಲಾಡ್ಜಿಗೆ ಬರುವುದು. ನಾನೂ ನಮ್ಮ ಮನೆಯವಳೇ ಅಣ್ಣ. ನನ್ನ ಮರ್ಯಾದೆ ಸಹ ನಿನ್ನದೇ. ಅದು ಉಳಿಯುವ ಹಾಗೆ ಜಾಗ ಇಟ್ಟುಕೋ."

ಫೋನ್ ಕಟ್ಟಾಯಿತು. ಸಿಟ್ಟಿನಿಂದಲೋ ನೆಟ್‌ವರ್ಕಿನಿಂದಲೋ ಗೊತ್ತಿಲ್ಲ.

ಹೊರಡುವ ಬೆಳಿಗ್ಗೆ ಇವರಿಗೆ ಕುಚ್ಚಲಕ್ಕಿಯ ಡಬ್ಬ ಎಲ್ಲಿ ಉಂಟು ಎಂದು ಎರಡು ಸಲ ತೋರಿಸಿದೆ. ಪಡೀಲಿನಲ್ಲಿ ಟೆಂಪೋ ಟ್ರಾವೆಲರ್ ಹತ್ತಿದಾಗ ಝಹ್ರಾ ಕಿಟಕಿಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಅವಳ ತಾಯಿ ಕಟ್ಟಿಕೊಟ್ಟ ಬುತ್ತಿ. "ಆಂಟಿ, ಉಮ್ಮ ಹೇಳಿದ್ದಾರೆ, ನಿಮಗೆ ವಾಂತಿ ಬಂದರೆ ಲಿಂಬೆಹಣ್ಣು ಉಂಟಂತೆ." ನನಗೇ ಬಂತು. ಮಕ್ಕಳೆಲ್ಲ ಸರಿ ಇದ್ದರು.

ಸಂಜೆಗೆ ಮುಟ್ಟಿದೆವು. ಅಣ್ಣ ಬಿಳಿ ಷರ್ಟು ಹಾಕಿಕೊಂಡು ಕೌಂಟರಿನಲ್ಲಿ ತಾನೇ ಕೂತಿದ್ದ. ಗ್ಲೆನ್ ಸರ್ ಜೊತೆ ನಗುನಗುತ್ತಾ ಮಾತಾಡಿದ, ಮಕ್ಕಳಿಗೆಲ್ಲ ಬಾದಾಮಿ ಹಾಲು ತರಿಸಿದ. ನನ್ನ ಕೈಗೆ ಬೀಗದಕೈ ಕೊಡುವಾಗ ಮಾತ್ರ ಗೋಡೆ ನೋಡಿದ.

ನಾನು ಚೀಲ ಇಡುವಷ್ಟರಲ್ಲಿ ಅತ್ತಿಗೆ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಒಂದು ದಿಂಬು.

"ಇದೆಂತ ಅತ್ತಿಗೆ?"

"ನೀನು ಇಲ್ಲಿ ಮಲಗಿ ನಾನು ಮನೆಯಲ್ಲಿ ಮಲಗಿದರೆ ಊರವರು ನನ್ನನ್ನು ಬಿಡ್ತಾರಾ? ನಾನೂ ಇಲ್ಲೇ ಮಲಗ್ತೇನೆ." ಅವಳು ಮಂಚದ ಮೇಲೆ ಕೂತು ಸುತ್ತ ನೋಡಿದಳು. "ಮದುವೆಯಾಗಿ ಬಂದಂದಿನಿಂದ ಈ ಲಾಡ್ಜಿನ ಅನ್ನ ಉಣ್ಣುತ್ತಿದ್ದೇನೆ. ಮೇಲೆ ಹತ್ತಿದ್ದು ಇವತ್ತೇ."

ನಾನು ಟವೆಲು ಕೊಡಲೆಂದು ಮಕ್ಕಳ ರೂಮಿಗೆ ಹೋದೆ. ಸಂಚಿತಾ ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು ಫೋನ್ ನೋಡುತ್ತಿದ್ದಳು.

"ಅಲ್ಲಿ ಯಾಕೆ ಕೂತಿದ್ದಿ?"

"ಝಹ್ರಾ ಸ್ನಾನಕ್ಕೆ ಹೋಗಿದ್ದಾಳೆ. ಚಿಲಕ ಇಲ್ಲ. ಒಳಗೆ ಬಕೆಟ್ ಅಡ್ಡ ಇಟ್ಟಿದ್ದಾಳೆ, ಹೊರಗೆ ನಾನು. ಗೋಲ್‌ಕೀಪರ್ ಇನ್ನು ಯಾತಕ್ಕಿರುವುದು?"

ಒಳಗಿನಿಂದ ಝಹ್ರಾ ನಕ್ಕಳು. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬಾಗಿಲಿಗೆ ಬಕೆಟ್ ಇಟ್ಟು ಸ್ನಾನ ಮಾಡುವುದು ಇಷ್ಟು ಸಣ್ಣ ಪ್ರಾಯಕ್ಕೆ ಅವರಿಗೆ ಅಭ್ಯಾಸವಾಗಿ ಹೋಗಿದೆ. ಅವರ ನಗು ಕೇಳಿ ನನಗೆ ಮೈಯೆಲ್ಲ ಉರಿಯಿತು.

ನಾನೂ ಅತ್ತಿಗೆಯೂ ಒಂದೊಂದೇ ರೂಮಿಗೆ ಹೋಗಿ ನೋಡಿದೆವು. ಒಂದರ ಚಿಲಕ ಒಂದೇ ಸ್ಕ್ರೂವಿನಲ್ಲಿ ನೇತಾಡುತ್ತಿತ್ತು. ಇನ್ನೊಂದರಲ್ಲಿ ಚಿಲಕ ಇದ್ದ ಜಾಗದಲ್ಲಿ ಬರೀ ತೂತು, ಅದಕ್ಕೆ ಯಾರೋ ಕಾಗದ ತುರುಕಿದ್ದರು. ಕಾಗದ ಹಳದಿಯಾಗಿತ್ತು. ಅದನ್ನು ತುರುಕಿದವಳು ಯಾರ ಮನೆಯವಳೋ. ಅತ್ತಿಗೆ ಅದನ್ನು ನೋಡುತ್ತ ನಿಂತಳು. ಆಮೇಲೆ ಇಂಟರ್‌ಕಾಮ್ ಎತ್ತಿ ತನ್ನ ಗಂಡನಿಗೆ ಹೇಳಿದಳು: "ಮೇಲೆ ಬನ್ನಿ. ಬರುವಾಗ ಚಿಲಕ ತನ್ನಿ. ಎಷ್ಟು ಬೇಕೆಂದು ಕೇಳಬೇಡಿ, ಅಂಗಡಿಯಲ್ಲಿ ಇದ್ದಷ್ಟು ತನ್ನಿ. ಕೆಲಸದವರನ್ನು ಕಳಿಸಬೇಡಿ, ಇಲ್ಲಿ ಹೆಣ್ಣುಮಕ್ಕಳಿದ್ದಾರೆ."

ಝಹ್ರಾ ಸ್ನಾನ ಮುಗಿಸಿ ನನ್ನ ರೂಮಿಗೆ ಹೋದ ಮೇಲೆ ಅಣ್ಣ ಬಂದ. ಬಿಳಿ ಷರ್ಟಿನ ತೋಳು ಮಡಚಿ, ಸ್ಕ್ರೂಡ್ರೈವರ್ ಹಿಡಿದು ಬಚ್ಚಲಿನ ಬಾಗಿಲ ಮುಂದೆ ಮೊಣಕಾಲೂರಿದ. ನಾನು ಫೋನಿನ ಬೆಳಕು ಹಿಡಿದೆ.

"ಇಷ್ಟು ವರ್ಷದಲ್ಲಿ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ" ಎಂದ.

"ಬಕೆಟ್ ಇಟ್ಟು ಸ್ನಾನ ಮಾಡಿ ಹೋಗಿದ್ದಾರೆ."

ಅವನು ಇನ್ನೊಂದು ಸ್ಕ್ರೂ ಎತ್ತಿಕೊಂಡ. ಚಿಲಕದ ವಿಷಯ ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಗೊತ್ತಿದ್ದರೂ ತಪ್ಪು, ಗೊತ್ತಿಲ್ಲದಿದ್ದರೂ ತಪ್ಪು. ನನ್ನ ಮಗಳ ಮರ್ಯಾದೆಗೆ ಕಾರು ಕಳಿಸಲು ಹೊರಟವನು ಒಂದು ಬಾಗಿಲಿಗೆ ಚಿಲಕ ಹಾಕಿಸಿದ್ದರೆ ಯಾರ ಮಗಳಿಗೂ ಕಾರು ಬೇಕಾಗುತ್ತಿರಲಿಲ್ಲ. ಇದನ್ನು ಹೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಹೇಳಲಿಲ್ಲ. ಮರೆತೂ ಇಲ್ಲ. ಮುಂದಿನ ಸಲ ಕುಟುಂಬದ ಮನೆಯಲ್ಲಿ ಎಲ್ಲರೂ ಸೇರಿದಾಗ ಹೇಳುವುದು ಉಂಟು.

ಪಕ್ಕದ ರೂಮಿನಿಂದ ಒಬ್ಬಳು ತಲೆ ಹೊರಗೆ ಹಾಕಿದಳು. "ಅಂಕಲ್, ನಮ್ಮದಕ್ಕೂ ಇಲ್ಲ."

"ಬಂದೆ" ಎಂದ ಅಣ್ಣ. ಎದ್ದು, ಮೊಣಕಾಲು ಉಜ್ಜಿಕೊಂಡು ಆ ಕಡೆ ಹೋದ.

ಅಷ್ಟರಲ್ಲಿ ಸಫಿಯಾಳ ಫೋನ್ ಬಂತು. ಹಿಂದೆ ಝಕರಿಯಾನ ಕೆಮ್ಮು ಕೇಳಿಸುತ್ತಿತ್ತು, ಅವನೂ ಕಿವಿ ಕೊಟ್ಟಿದ್ದ.

"ಮುಟ್ಟಿದಿರಾ ಸ್ವರ್ಣಕ್ಕ? ಜಾಗ ಹೇಗುಂಟು?"

ಅಣ್ಣ ಪಕ್ಕದ ರೂಮಿನಲ್ಲಿ ಸ್ಕ್ರೂ ತಿರುಗಿಸುವ ಶಬ್ದ ಬರುತ್ತಿತ್ತು. ಝಹ್ರಾ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದು, ಹೊಸ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದಳು.

"ಈಗ ಚಿಲಕ ಉಂಟು" ಎಂದೆ.