ಮಾಲೆಯಿಂದ ಬಿದ್ದ ಫೆದೆರಿಕಾ

ಇಟಲಿಯ ಲಾತ್ಸಿಯೊ ಸೀಮೆಯ ಮೊಂತೆಸೊರ್ದೊ ಊರಿನ ಹೆಂಗಸರಿಗೆ ಲ್ಯಾಟಿನ್ ಬಾಯಲ್ಲಿತ್ತು, ತಲೆಯಲ್ಲಿರಲಿಲ್ಲ. ಮೇ ತಿಂಗಳ ಸಂಜೆ ಚರ್ಚಿನಲ್ಲಿ ಪಾದ್ರಿಗಳು ಮಾತೆ ಮರಿಯಳ ಬಿರುದುಗಳನ್ನು ಮಾಲೆಯಂತೆ ಒಂದೊಂದಾಗಿ ಕೂಗುವರು. ಇವರು ಪ್ರತಿಯೊಂದಕ್ಕೂ, ನಮಗಾಗಿ ಪ್ರಾರ್ಥಿಸು ಎಂಬರ್ಥದ "ಒರಾ ಪ್ರೋ ನೋಬಿಸ್" ಎಂದು ದನಿಗೂಡಿಸುವರು. ಅದರ ನಡುವೆ "ಫೆದೆರಿಸ್ ಆರ್ಕಾ" ಎಂದೊಂದು ಬಿರುದು ಬರುತ್ತಿತ್ತು. ಬಾಯಿಂದ ಬಾಯಿಗೆ ಉರುಳಿ ಸವೆದು ಅದು "ಫೆದೆರಿಕಾ" ಆಗಿತ್ತು. ಅದನ್ನು ಕೇಳಿಯೇ ಒಬ್ಬ ತಾಯಿ ಮಗಳಿಗೆ ಆ ಹೆಸರಿಟ್ಟಳು. ಊರೆಲ್ಲ ಮಂಡಿಯೂರಿ ತನ್ನ ಹೆಸರು ಹೇಳುವುದನ್ನು ಕೇಳುತ್ತ ಕೇಳುತ್ತ ಫೆದೆರಿಕಾ ಮುದುಕಿಯಾದಳು. ಗಂಡನಾದವನು ಒಂದು ದಿನವೂ ಆ ಹೆಸರನ್ನು ಅಷ್ಟು ಮರ್ಯಾದೆಯಿಂದ ಹೇಳಿರಲಿಲ್ಲ.

ಹಳೆಯ ಪಾದ್ರಿ ತೀರಿಕೊಂಡರು. ಅದೇ ಹೊತ್ತಿಗೆ, ಪ್ರಾರ್ಥನೆಯೆಲ್ಲ ಜನರಿಗೆ ತಿಳಿಯುವ ಮಾತಿನಲ್ಲಿ ಆಗಲಿ ಎಂದು ರೋಮಿನಿಂದ ಅಪ್ಪಣೆಯೂ ಬಂತು. ಹೊಸದಾಗಿ ಬಂದ ಎಳೆಯ ಪಾದ್ರಿ ದೋನ್ ಅಂಬ್ರೋಜೊ ಮಾಲೆಯನ್ನು ಇಟಾಲಿಯನ್ನಿನಲ್ಲಿ ಓದಿದರು. ಫೆದೆರಿಕಾ ಕಿವಿಗೊಟ್ಟು ಕಾದಳು. ಅವಳ ಜಾಗದಲ್ಲಿ ಬಂದದ್ದು "ಒಡಂಬಡಿಕೆಯ ಪೆಟ್ಟಿಗೆಯೇ".

"ನಿನ್ನ ಎತ್ತಿ ಆಚೆ ಹಾಕಿದ್ರು ಕಣೇ," ಎಂದು ಪಕ್ಕದ ಮನೆಯ ಎರ್ಸೀಲಿಯಾ ಪಿಸುಗುಟ್ಟಿದಳು. "ಪೆಟ್ಟಿಗೆ ತಂದಿಟ್ರು."

ಮರುದಿನದಿಂದ ಫೆದೆರಿಕಾ ಚರ್ಚಿನ ಕಡೆ ತಲೆ ಹಾಕಲಿಲ್ಲ. ಎಲ್ಲರನ್ನೂ ಎಳೆದುಕೊಂಡು ಹೋಗುತ್ತಿದ್ದ ದನಿ ಅವಳದು. ಅವಳಿಲ್ಲದೆ ಉಳಿದವರ ಪ್ರಾರ್ಥನೆ ಕುಂಟಿತು. ಎರ್ಸೀಲಿಯಾಳಿಂದ ಕಾರಣ ತಿಳಿದು ದೋನ್ ಅಂಬ್ರೋಜೊ ಅವಳ ಮನೆಗೇ ಬಂದರು. ಅವಳು ಬಾಗಿಲಲ್ಲಿ ಕೂತು ಹಸಿ ಕಾಳು ಸುಲಿಯುತ್ತಿದ್ದಳು, ಏಳಲಿಲ್ಲ.

"ಅಮ್ಮಾ, ಅದು ನಿಮ್ಮ ಹೆಸರೇ ಅಲ್ಲ. ಲ್ಯಾಟಿನ್‌ನಲ್ಲಿ ದೇವರ ಒಡಂಬಡಿಕೆ ಇಟ್ಟಿದ್ದ ಪೆಟ್ಟಿಗೆ ಅಂತ ಅರ್ಥ."

"ಅಂದ್ರೆ ನಮ್ಮವ್ವ ನಂಗೆ ಪೆಟ್ಟಿಗೆ ಅಂತ ಹೆಸರಿಟ್ಟಳಾ?"

"ಹಾಗಲ್ಲಮ್ಮಾ..."

"ನಿಮ್ದು ಯಾವೂರು?"

"ಮಿಲಾನ್."

"ನೋಡಿ ಮತ್ತೆ! ಲ್ಯಾಟಿನ್ ಹುಟ್ಟಿದ್ದೇ ನಮ್ಮ ಲಾತ್ಸಿಯೊ ಸೀಮೇಲಿ. ಕುರಿ ಕಾಯೋರ ಮಾತು ಅದು. ರೋಮಿಗೆ ಇಳಿದ ಮೇಲೆ ದೊಡ್ಡಸ್ತಿಕೆ ಬಂತು, ಲೋಕ ಸುತ್ತಿತು, ನಿಮ್ಮೂರಿಗೂ ಬಂತು. ನಮ್ಮ ಹಟ್ಟಿ ಮಾತನ್ನ ನಮಗೇ ಕಲಿಸೋಕೆ ಬಂದ್ರಾ?"

"ಆಯ್ತಮ್ಮ. ಅದೊಂದನ್ನ ಲ್ಯಾಟಿನ್‌ನಲ್ಲೇ ಹೇಳ್ತೀನಿ. ಕೇಳಿ: ಫೆದೆರಿಸ್ ಆರ್ಕಾ."

ಅವಳ ಕೈ ನಿಂತಿತು. ಅಷ್ಟು ಬಿಡಿಸಿ ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ನಡುವೆ ಯಾವುದೋ 'ಸ್' ನುಸುಳಿತ್ತು, ಕೊನೆಗೆ ಯಾರದೋ ಬಾಲ ಅಂಟಿತ್ತು. ಇಷ್ಟು ವರ್ಷ ಆ ಜನವೆಲ್ಲ ಕರೆದದ್ದು ಯಾರನ್ನು?

ಒಂದು ಕಾಳು ಸುಲಿದಳು. ಆಮೇಲೆ, "ಉಚ್ಚಾರ ಸರಿಯಿಲ್ಲ," ಎಂದಳು.

"ಅಮ್ಮಾ, ನಾನು ಆರು ವರ್ಷ ಓದಿ..."

"ಹಲ್ಲು ಅಡ್ಡ ಬರ್ತಿದೆ. ನಮ್ಮ ಹಳೇ ಪಾದ್ರಿಗೆ ಹಲ್ಲೇ ಇರ್ಲಿಲ್ಲ, ಲ್ಯಾಟಿನ್ ಬೆಣ್ಣೆ ಹಂಗೆ ಜಾರ್ತಿತ್ತು. ತುಟಿ ಒಳಗೆಳ್ಕೊಳ್ಳಿ. ಹೂಂ, ಹೇಳಿ."

"ಫೆದೆರಿ... ಆರ್ಕಾ."

"ಇನ್ನೂ ಚೂರು ನುಂಗಿ."

"ಫೆದೆ... ರಿಕಾ."

"ಹಾಂ!"

ಆ ಸಂಜೆ ಮಾಲೆ ಆ ಜಾಗಕ್ಕೆ ಬಂದಾಗ ದೋನ್ ಅಂಬ್ರೋಜೊ ತುಟಿ ಒಳಗೆಳೆದುಕೊಂಡರು. "ಒರಾ ಪ್ರೋ ನೋಬಿಸ್" ಎಂದು ಫೆದೆರಿಕಾ ಕೂಗಿದ ರಭಸಕ್ಕೆ ಕಿಟಕಿಗಳು ಅದುರಿದವು.

"ಪಾಪ, ಪಾದ್ರಿಗೆ ಹಲ್ಲುನೋವೇನೇ?" ಎಂದಳು ಎರ್ಸೀಲಿಯಾ, ಮೆಟ್ಟಿಲಿಳಿಯುತ್ತ.

"ಇಲ್ಲ ಕಣೇ. ಲ್ಯಾಟಿನ್ ಬರ್ತಾ ಇದೆ."